ಅಪ್ರದಕ್ಷಿಣೆಯ ಮೇಷ್ಟ್ರು

ಮೊನ್ನೆ ಬೆಳಿಗ್ಗೆ ಪಾರ್ಕಿನ ಗೇಟು ದಾಟುತ್ತಲೇ ಹಸಿ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಬೇಲಿಯ ಪಕ್ಕ ಹೊಸದಾಗಿ ಹಾಸಿದ ಸಿಮೆಂಟು ಬಿಲ್ಲೆಗಳ ಮೇಲೆ ಪೇಂಟರೊಬ್ಬ ಕುಕ್ಕರಗಾಲಲ್ಲಿ ಕೂತು ದೊಡ್ಡದೊಂದು ಬಿಳಿ ಬಾಣ ಬರೆಯುತ್ತಿದ್ದ. ಬಾಣ ನೋಡಿದ ಕೂಡಲೇ ಮೇಷ್ಟ್ರು ನೆನಪಾದರು. ಅವರಿಗಿಂತ ಎರಡು ಹೆಜ್ಜೆ ಮುಂದೆ ಬರುತ್ತಿದ್ದ ಮಂಡಿನೋವಿನ ಮುಲಾಮಿನ ವಾಸನೆಯೂ...

ಬಸವನಗುಡಿಯಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿರುವ ಈ ಪಾರ್ಕು ದೊಡ್ಡದೇನಲ್ಲ. ಆ ತುದಿಯಲ್ಲಿ ಯಾರಾದರೂ ಸೀನಿದರೆ ಈ ತುದಿಯವರು ಯಾರು ಸೀನಿದ್ದೆಂದು ಹೇಳಿಬಿಡುತ್ತಾರೆ. ಮಧ್ಯದಲ್ಲಿ ಬೋರ್‌ವೆಲ್ಲಿನ ಮೋಟಾರು ಮನೆ, ಸುತ್ತ ನಡೆಯಲು ಕಲ್ಲುಹಾಸಿನ ದಾರಿ, ದಾರಿಗೂ ಬೇಲಿಗೂ ನಡುವೆ ಒಂದಿಷ್ಟು ಮಣ್ಣಿನ ಪಟ್ಟಿ. ಗೇಟಿನ ಹತ್ತಿರ ನಡಿಗೆದಾರರ ಸಂಘದ ಬೋರ್ಡು: ‘ಪ್ರದಕ್ಷಿಣಾಕಾರವಾಗಿ ಮಾತ್ರ ನಡೆಯಿರಿ.’ ಅದರ ಕೆಳಗೆ ಕೆಂಪು ಬಾಣ.

ಮೇಷ್ಟ್ರನ್ನು ಮೊದಲು ಕಂಡಾಗ ನಾನು ಡಿಗ್ರಿ ಓದುತ್ತಿದ್ದೆ. ಮೈ ಇಳಿಸಿಕೊಂಡು ಬಾ ಎಂದು ಅಮ್ಮ ದಿನಾ ಪಾರ್ಕಿಗೆ ಅಟ್ಟುತ್ತಿದ್ದಳು. ಮೈ ಇಳಿಯಲಿಲ್ಲ, ಕಲೆ ಬೆಳೆಯಿತು. ಯಾರ ಹಿಂದೆ ಹೋದರೆ ಅವರ ನಡಿಗೆ ನನ್ನ ಕಾಲಿಗೆ ಬಂದುಬಿಡುತ್ತಿತ್ತು. ಸಂಘದ ಅಧ್ಯಕ್ಷರು ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಲಾಕರಿನ ಕೀ ಇನ್ನೂ ಸೊಂಟದಲ್ಲೇ ಇದೆಯೇನೋ ಎಂಬಂತೆ ಒಂದು ಕೈಯನ್ನು ಅಲ್ಲೇ ಇಟ್ಟುಕೊಂಡು ನಡೆಯುತ್ತಿದ್ದರು. ಅದನ್ನು ಅವರ ಬೆನ್ನ ಹಿಂದೆಯೇ ಮಾಡಿ ತೋರಿಸಿ ಬೆಂಚಿನ ಮೇಲೆ ಕೂತವರನ್ನು ನಗಿಸುತ್ತಿದ್ದೆ. ನನ್ನ ನಡಿಗೆಯೇನು ಕಮ್ಮಿಯಲ್ಲ. ಎರಡೂ ಕೈಯಲ್ಲಿ ಬಿಂದಿಗೆ ಹಿಡಿದ ಬಾತುಕೋಳಿ ಎಂದು ನನ್ನ ತಂಗಿಯೇ ಸರ್ಟಿಫಿಕೇಟು ಕೊಟ್ಟಿದ್ದಾಳೆ.

ಎಲ್ಲರೂ ಬಾಣದ ಪ್ರಕಾರ ಹೋಗುತ್ತಿದ್ದರೆ ಅವರೊಬ್ಬರು ಎದುರಿನಿಂದ ಬರುತ್ತಿದ್ದರು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಮಾಸಿದ ಸ್ವೆಟರು, ಕ್ಯಾನ್ವಾಸ್ ಶೂ, ಸ್ವಲ್ಪ ಎಳೆಯುವ ಎಡಗಾಲು. ಬಲಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಇಲ್ಲದ ಸೀಮೆಸುಣ್ಣವೊಂದು ಸದಾ ತಿರುಗುತ್ತಿರುತ್ತಿತ್ತು. ಮಾತಿನ ಮಧ್ಯೆ ‘ಅಂದರೇ...’ ಎಂದು ನಿಲ್ಲಿಸಿ, ಎದುರಿಗಿದ್ದವರು ಬರೆದುಕೊಳ್ಳಲಿ ಎಂಬಂತೆ ಕಾಯುತ್ತಿದ್ದರು.

ಅಧ್ಯಕ್ಷರಿಗೆ ಇದನ್ನು ನೋಡಿದರೆ ಮೈಯೆಲ್ಲ ಉರಿ.

“ಏನ್ ಮೇಷ್ಟ್ರೇ, ಬೆಳ್‌ಬೆಳಿಗ್ಗೆ ಅಪ್ರದಕ್ಷಿಣೆ ಹಾಕ್ತೀರಲ್ಲ. ಅದು ಸಾವಿನ ಮನೇಲಿ ಮಾಡೋದು!”

“ಪ್ರದಕ್ಷಿಣೆ ಹಾಕೋಕೆ ಇಲ್ಲಿ ಮಧ್ಯ ದೇವರೆಲ್ಲಿದಾನೆ ಸ್ವಾಮಿ? ಇರೋದು ಬೋರ್‌ವೆಲ್ ಮೋಟ್ರು. ಅದೂ ಕೆಟ್ಟು ನಿಂತಿದೆ.”

ಸುಮ್ಮನೆ ಹಠಕ್ಕೆ ಹೀಗೆ ಮಾಡುತ್ತಾರೆ ಎಂದುಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ. ಮೇಷ್ಟ್ರು ಸೀಮೆಸುಣ್ಣ ತಿರುಗಿಸಿದರು. “ಎಲ್ಲರೂ ಒಂದೇ ಕಡೆ ನಡೆದ್ರೆ ಏನು ಕಾಣುತ್ತಪ್ಪಾ? ಮುಂದಿನವರ ಬೆನ್ನು. ಅಂದರೇ... ವರ್ಷಗಟ್ಟಲೆ ಜೊತೇಲಿ ನಡೀತೀರ, ಮುಖಾನೇ ನೋಡಿರಲ್ಲ. ನಾನು ದಿನಾ ಎಲ್ಲರ ಮುಖ ನೋಡ್ತೀನಿ. ನಿನ್ನೆ ನಿಮ್ಮ ಅಧ್ಯಕ್ಷರು ಅತ್ತು ಬಂದಿದ್ರು, ಗೊತ್ತಾ ನಿನಗೆ?”

ಗೊತ್ತಿರಲಿಲ್ಲ. ಹಿಂದಿನ ದಿನವೆಲ್ಲ ನಾನು ಅಧ್ಯಕ್ಷರ ಬೆನ್ನ ಹಿಂದೆಯೇ ಇದ್ದೆ.

ನನ್ನ ಕಲೆಯ ಸುದ್ದಿ ಮೇಷ್ಟ್ರ ಕಿವಿಗೂ ಬಿದ್ದಿತ್ತು. “ಎಲ್ಲಿ, ನನ್ನ ನಡಿಗೆ ಮಾಡಿ ತೋರ್ಸಯ್ಯ” ಎಂದು ಬೆಂಚಿನ ಮೇಲೆ ಕೂತರು. ನಾನು ಸುಮ್ಮನಿರುವವನೇ? ಎಡಗಾಲು ಎಳೆದೆ, ಸೀಮೆಸುಣ್ಣ ತಿರುಗಿಸಿದೆ, ಅಂದರೇ ಎಂದು ನಿಂತೆ. ಬೆಂಚಿಗೆ ಬೆಂಚೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರು. ನಗು ಮುಗಿಸಿ ಕಣ್ಣೊರೆಸಿಕೊಂಡು ಹೇಳಿದರು: “ಬಹಳ ಚೆನ್ನಾಗಿದೆ. ಆದ್ರೆ ನೀನು ನಡೆದಿದ್ದು ಬಾಣದ ಕಡೆಗೆ. ನನ್ನ ಕಾಲು ಸಿಕ್ತು ನಿನಗೆ, ನಾನು ಸಿಗಲಿಲ್ಲ.”

ಇದೆಲ್ಲ ತಮಾಷೆಯಲ್ಲೇ ನಡೆದುಹೋಗುತ್ತಿತ್ತೇನೋ. ಒಂದು ಬೆಳಿಗ್ಗೆ ಕಣಗಿಲೆ ಪೊದೆಯ ತಿರುವಿನಲ್ಲಿ ಮೇಷ್ಟ್ರು ಆ ಕಡೆಯಿಂದ ಬಂದರು, ವಾಕರ್ ಹಿಡಿದು ನಡೆಯುವ ಅಜ್ಜಿ ಈ ಕಡೆಯಿಂದ. ತಾಕಲಿಲ್ಲ. ಆದರೆ ಅಜ್ಜಿ ಬೆಚ್ಚಿಬಿದ್ದು, ವಾಕರ್ ಅಲ್ಲಾಡಿ, ಹಾಗೇ ಕಲ್ಲಿನ ಅಂಚಿಗೆ ಕುಸಿದು ಕೂತರು. ಪೆಟ್ಟೇನೂ ಆಗಲಿಲ್ಲ. ಮೇಷ್ಟ್ರೇ ನೀರು ತಂದು ಕುಡಿಸಿದರು. ಅಧ್ಯಕ್ಷರಿಗೆ ಅಷ್ಟು ಸಾಕಾಯಿತು. ಭಾನುವಾರ ಹೊಂಗೆ ಮರದ ಕೆಳಗೆ ಸಭೆ ಕರೆದರು. ವಿಷಯ ಒಂದೇ: ಬಾಣದ ಪ್ರಕಾರ ನಡೆಯದವರನ್ನು ಬೆಳಗಿನ ಹೊತ್ತು ಪಾರ್ಕಿನೊಳಗೆ ಬಿಡಬಾರದು.

ಬಾಣಕ್ಕೆ ತಲೆಬಾಗುವವರಲ್ಲ ಮೇಷ್ಟ್ರು. ಪಾರ್ಕು ತಪ್ಪಿದರೆ ಅವರಿಗೆ ಬೇರೆ ಜಾಗವೂ ಇರಲಿಲ್ಲ. ನಮ್ಮ ಫುಟ್‌ಪಾತುಗಳ ಮೇಲೆ ಸ್ಕೂಟರುಗಳೇ ನಡೆಯುವಾಗ ಆ ಮಂಡಿ ಹೊತ್ತುಕೊಂಡು ಅವರೆಲ್ಲಿ ನಡೆಯಬೇಕು? ದಿನಾ ನಡೆಯದಿದ್ದರೆ ಕಾಲು ಹಿಡಿದುಕೊಳ್ಳುತ್ತದೆ ಎಂದು ಡಾಕ್ಟರು ಹೆದರಿಸಿದ್ದರು.

ಒಪ್ಪಿಗೆ ಇರುವವರು ಕೈ ಎತ್ತಿ ಎಂದರು ಅಧ್ಯಕ್ಷರು. ಒಬ್ಬೊಬ್ಬರದಾಗಿ ಎಲ್ಲರ ಕೈಯೂ ಮೇಲೆ ಹೋಯಿತು. ನನ್ನದು ಹೋಗಲಿಲ್ಲ. ಧೈರ್ಯ ಎಂದುಕೊಳ್ಳಬೇಡಿ, ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಬೋಂಡಾ.

ಮೇಷ್ಟ್ರು ಎದ್ದು ನಿಂತರು. “ಡಿಕ್ಕಿ ಆಗಬಾರದು ಅಂತ ರೂಲು ಮಾಡಿದೀರ. ಒಳ್ಳೇದು. ಆದ್ರೆ ಇಷ್ಟು ಕೈ ಎದ್ದಿರೋದು ಡಿಕ್ಕಿಗಲ್ಲ. ಇವನೊಬ್ಬ ಯಾಕೆ ನಮ್ಮ ಥರ ಇಲ್ಲ ಅನ್ನೋ ಕಿರಿಕಿರಿಗೆ. ನಿಮ್ಮ ಕಿರಿಕಿರಿಗೆ ನಾನ್ಯಾಕೆ ತಿರುಗಲಿ?”

“ಕಿರಿಕಿರಿ ಅಲ್ಲ ಸಾರ್, ಅಜ್ಜೀನೇ ಕೇಳಿ” ಎಂದು ಅಧ್ಯಕ್ಷರು ಅತ್ತ ತಿರುಗಿದರು. “ಹೇಳಿ ಅಮ್ಮಾ, ಭಯ ಆಗುತ್ತೆ ಅಲ್ವಾ?”

ಅಜ್ಜಿ ಮೇಷ್ಟ್ರನ್ನೇ ನೋಡಿದರು. “ಭಯ ಆಗುತ್ತಪ್ಪಾ, ಸುಳ್ಳ್ಯಾಕೆ ಹೇಳ್ಲಿ. ಆದ್ರೆ ದಿನಾ ನನ್ನ ಮುಖ ನೋಡಿ ‘ಹೇಗಿದೀರಿ’ ಅಂತ ಕೇಳೋರೂ ಇವ್ರೊಬ್ರೇ. ನೀವೆಲ್ಲಾ ಹಿಂದಿಂದ ಬಂದು ‘ಸೈಡು ಸೈಡು’ ಅಂತೀರ.”

ಮೇಷ್ಟ್ರ ಬೆರಳು ತಿರುಗುವುದು ನಿಂತಿತ್ತು. ಮೆಲ್ಲಗೆ ಹೇಳಿದರು: “ಮುಗೀತು. ನಿಮ್ಮೆಲ್ಲರ ಕೈಗೆ ನಾನು ದಾರಿ ಬಿಡ್ತಿರಲಿಲ್ಲ. ಇವರೊಬ್ಬರ ಭಯಕ್ಕೆ ಬಿಡ್ತೀನಿ. ನಾಳೆಯಿಂದ ಈ ದಾರೀಲಿ ಎದುರು ಬರಲ್ಲ.”

ಅಧ್ಯಕ್ಷರು ಗೆದ್ದವರಂತೆ ಇನ್ನೊಂದು ಬೋಂಡಾ ತೆಗೆದುಕೊಂಡರು. ನಾನು ನನ್ನದನ್ನು ಅರ್ಧಕ್ಕೇ ಕಾಗದದಲ್ಲಿ ಸುತ್ತಿಟ್ಟೆ. ಇಡೀ ಪಾರ್ಕಿನಲ್ಲಿ ಒಬ್ಬರೇ ಒಬ್ಬರು ಉಲ್ಟಾ ಇದ್ದರು, ಅವರೂ ಸೀದಾ ಆಗಿಬಿಟ್ಟರಲ್ಲ...

ಸೋಮವಾರ ಬಂದು ನೋಡಿದರೆ ಕಲ್ಲುಹಾಸಿನ ಮೇಲೆ ಮೇಷ್ಟ್ರಿಲ್ಲ. ಬೇಲಿಯ ಪಕ್ಕದ ಮಣ್ಣಿನ ಪಟ್ಟಿಯಲ್ಲಿ, ಬೇರು, ಕಲ್ಲು, ಒಣಗಿದೆಲೆಗಳ ಮೇಲೆ, ಎಡಗಾಲು ಎಳೆಯುತ್ತ ಬರುತ್ತಿದ್ದಾರೆ. ಅದೇ ಅಪ್ರದಕ್ಷಿಣೆ! ಅಲ್ಲಿ ಯಾರಿಗೂ ಅಡ್ಡವಿಲ್ಲ. ಅಜ್ಜಿ ಹತ್ತಿರ ಬಂದಾಗ ದೂರದಿಂದಲೇ ಒಂದು ಕೆಮ್ಮು ಕೆಮ್ಮಿ, ನಿಂತು, “ಹೇಗಿದೀರಮ್ಮಾ?” ಎಂದರು.

“ಮೇಷ್ಟ್ರೇ, ಅಲ್ಲಿ ಎಡವಿ ಬಿದ್ರೆ?” ಎಂದೆ.

“ಬಿದ್ರೆ ನಾನು ತಾನೇ ಬೀಳೋದು? ಅಷ್ಟು ಸ್ವಾತಂತ್ರ್ಯ ಇರ್ಲಿ ಬಿಡಯ್ಯ.”

ಅವರು ಬೀಳಲಿಲ್ಲ. ಮಳೆಗಾಲ ಕಳೆದು ಚಳಿಗಾಲ ಬರುವ ಹೊತ್ತಿಗೆ ಆ ಪಟ್ಟಿಯಲ್ಲಿ ಹುಲ್ಲು ಸವೆದು ತೆಳ್ಳಗಿನ ಕಾಲುದಾರಿಯೊಂದು ಮೂಡಿತ್ತು. ಒಂದು ಕಡೆ ಎರಡು ಗೆರೆ. ಎಡಗಾಲು ಎಳೆದೆಳೆದು ತನ್ನದೇ ಬೇರೆ ಗೆರೆ ಕೊರೆದಿತ್ತು.

ಹೀಗೆ ಕೆಲವು ವರ್ಷ ನಡೆಯಿತು. ಹೋದ ವರ್ಷ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಮುಲಾಮಿನ ವಾಸನೆ ಬರಲಿಲ್ಲ. ಮಧ್ಯಾಹ್ನದೊಳಗೆ ಸುದ್ದಿ ಬಂತು. ನಿದ್ದೆಯಲ್ಲೇ ಹೋಗಿದ್ದರಂತೆ...

ಮೇಷ್ಟ್ರಿಗೆ ಮಂತ್ರದಲ್ಲಿ ನಂಬಿಕೆ ಇರಲಿಲ್ಲ. ಮಗಳಿಗೆ ಇತ್ತು. ನನ್ನ ನಂಬಿಕೆ ನನ್ನದು, ನಿನ್ನದು ನಿನ್ನದು, ನಿನಗೆ ಸರಿ ಕಂಡಂತೆ ಮಾಡು ಎಂದು ಮೊದಲೇ ಹೇಳಿಟ್ಟಿದ್ದರಂತೆ. ಮನೆಯ ಮುಂದೆ ಪುರೋಹಿತರು, “ಬಾಯಿಗೆ ಅಕ್ಕಿ ಹಾಕೋರು ಅಪ್ರದಕ್ಷಿಣೆ ಬನ್ನಿ” ಎಂದು ಕರೆದರು. ಪಾರ್ಕಿನವರ ಸಾಲಿನಲ್ಲಿ ಮುಂದಿದ್ದ ಅಧ್ಯಕ್ಷರು ಅಭ್ಯಾಸದ ಮೇಲೆ ಪ್ರದಕ್ಷಿಣೆಗೇ ಹೊರಟರು. “ಸ್ವಾಮಿ, ಹಾಗಲ್ಲ, ಈ ಕಡೆಯಿಂದ” ಎಂದರು ಪುರೋಹಿತರು. ಅಧ್ಯಕ್ಷರು ನಿಂತರು. ಮೇಷ್ಟ್ರ ಮುಖವನ್ನೊಮ್ಮೆ ನೋಡಿ, ಮೆಲ್ಲಗೆ ತಿರುಗಿದರು. ಹಿಂದೆ ನಾವೆಲ್ಲ ತಿರುಗಿದೆವು. ಇಡೀ ಪಾರ್ಕು ಮೇಷ್ಟ್ರ ದಿಕ್ಕಿನಲ್ಲಿ ನಡೆಯಿತು. ಹಾಗೆ ನಡೆಯುವಾಗಲೂ ನನಗೆ ಕಂಡದ್ದು ಮುಂದಿನವರ ಬೆನ್ನೇ.

ಮೊನ್ನೆ ಪೇಂಟರು ಬಾಣ ಬರೆಯುತ್ತಿದ್ದದ್ದು ಅದೇ ಕಾಲುದಾರಿಯ ಮೇಲೆ. ಮೇಷ್ಟ್ರ ನೆನಪಿಗೆಂದು ಅಧ್ಯಕ್ಷರೇ ಓಡಾಡಿ ಅದಕ್ಕೆ ಬಿಲ್ಲೆ ಹಾಸಿಸಿದ್ದಾರೆ. ಎರಡೂ ಗೆರೆಗಳು ಬಿಲ್ಲೆಗಳ ಅಡಿ ಸೇರಿಹೋಗಿವೆ.

“ನೋಡಪ್ಪಾ, ಬಾಣಾನ ಮೇಷ್ಟ್ರ ದಿಕ್ಕಿಗೇ ಹಾಕಿಸ್ತಿದೀನಿ” ಎಂದರು ಅಧ್ಯಕ್ಷರು. “ಇನ್ಮೇಲೆ ಈ ಟ್ರ್ಯಾಕಲ್ಲಿ ಎಲ್ರೂ ಹೀಗೇ ನಡೀಬೇಕು. ಕಡ್ಡಾಯ!”

ನಗು ತುಟಿಯವರೆಗೂ ಬಂತು. ಅಷ್ಟರಲ್ಲಿ ಅಧ್ಯಕ್ಷರ ಮುಖ ನೋಡಿದೆ. ಕಣ್ಣು ಒದ್ದೆಯಾಗಿತ್ತು.

ಹಸಿ ಬಾಣವನ್ನು ದಾಟಿ, ಅದರ ತುದಿಗೆ ಎದುರಾಗಿ ಹೊರಟೆ.

“ಏಯ್, ಬಾಣ ಕಾಣಲ್ವೇನೋ?” ಎಂದು ಅಧ್ಯಕ್ಷರು ಕೂಗಿದರು.

“ಕಾಣ್ತಿದೆ ಸಾರ್.”

ಎಡಗಾಲು ತಾನಾಗಿಯೇ ಎಳೆಯತೊಡಗಿತು, ಬೆರಳಿಗೆ ಸೀಮೆಸುಣ್ಣ ಬಂತು. ಬಾಣದ ಪ್ರಕಾರ ಹೋದರೆ ನಾನು ಮೇಷ್ಟ್ರ ಬೆನ್ನ ಹಿಂದೆ ಉಳಿಯುತ್ತೇನೆ. ಹೀಗೆ ನಡೆದರೆ ಒಂದು ಸುತ್ತಿಗೆ ಎರಡು ಸಲ ಅವರು ಎದುರು ಸಿಗಬೇಕು. ಕಣಗಿಲೆಯ ತಿರುವಿನಲ್ಲಿ ಒಂದು ಸಲ ಕೆಮ್ಮಿದೆ, ನಿಂತೆ. ಬಣ್ಣದ ವಾಸನೆ ಅಲ್ಲಿಯವರೆಗೂ ಬಂದಿತ್ತು.

ಸುತ್ತು ಮುಗಿಯಿತು. ಎದುರಿಗೆ ಯಾರೂ ಬರಲಿಲ್ಲ.