ಮರಗಟ್ಟಿದ ಕೈಗೆ ಉಪ್ಪಿನ ಶಾಖ

ಕಳೆದ ವಾರ ಅರ್ಧ ದಿನ ನನ್ನ ಎಡಗೈ ನನ್ನ ಮಾತು ಕೇಳಲಿಲ್ಲ. ಏಳು ಅಂದರೆ ಏಳದು, ಮಡಚಿಕೋ ಅಂದರೆ ಮಡಚಿಕೊಳ್ಳದು. ಬಲಗೈಯಲ್ಲಿ ಹಿಡಿದು ಎತ್ತಿ ನೋಡಿದೆ. ಅಬ್ಬಾ, ಒಂದು ಕೈ ಇಷ್ಟು ಭಾರ ಇರುತ್ತದಾ? (ನೀವೂ ಯಾವತ್ತೂ ತೂಗಿ ನೋಡಿರಲಿಕ್ಕಿಲ್ಲ.)

ಆದದ್ದಿಷ್ಟು. ನೆಲಮಂಗಲದ ಹತ್ತಿರ ಸ್ಕೂಟರ್ ಸ್ಕಿಡ್ ಆಗಿ ಮಣಿಕಟ್ಟು ಮುರಿಯಿತು. ಪ್ಲೇಟ್ ಹಾಕಬೇಕಾಯಿತು. ಪೂರ್ತಿ ಮಲಗಿಸುವುದಿಲ್ಲ, ಕತ್ತಿನ ಬುಡಕ್ಕೆ ಇಂಜೆಕ್ಷನ್ ಕೊಟ್ಟು ಕೈ ಒಂದನ್ನೇ ಮರಗಟ್ಟಿಸುತ್ತೇವೆ ಅಂದರು ಅರಿವಳಿಕೆ ಡಾಕ್ಟರ್. ನನಗೋ ಕೆಟ್ಟ ಕುತೂಹಲ. ಎಡವಟ್ಟಾದರೆ ಏನಾಗುತ್ತೆ ಮೇಡಂ ಅಂದೆ.

"ಬಾಯಲ್ಲಿ ಕಬ್ಬಿಣದ ರುಚಿ ಬಂದ್ರೆ, ಕಿವಿ ಗುಂಯ್ ಅಂದ್ರೆ ತಕ್ಷಣ ಹೇಳಿ. ಔಷಧಿ ರಕ್ತಕ್ಕೆ ಸೇರ್ತಿರಬಹುದು. ಫಿಟ್ಸ್ ಬರಬಹುದು, ಹಾರ್ಟಿಗೂ ತೊಂದ್ರೆ ಆಗಬಹುದು. ಉಸಿರು ಭಾರ ಆದ್ರೂ ಹೇಳಿ. ಅಪರೂಪಕ್ಕೆ ನರಕ್ಕೆ ಪೆಟ್ಟಾಗುತ್ತೆ."

ಆಪರೇಷನ್ ಉದ್ದಕ್ಕೂ ನಾಲಿಗೆ ಚಪ್ಪರಿಸುತ್ತಾ ಕಬ್ಬಿಣ ಹುಡುಕುತ್ತಿದ್ದೆ. ಏನೂ ಆಗಲಿಲ್ಲ. ಮನೆಗೆ ಕಳಿಸುವಾಗ ಅವರು ಇನ್ನೊಂದು ಮಾತು ಹೇಳಿದರು. "ರಾತ್ರಿವರೆಗೂ ಆ ಕೈಗೆ ಏನೂ ಗೊತ್ತಾಗಲ್ಲ. ಬಿಸಿ ತಾಗಿಸ್ಬೇಡಿ." ಇದೇನು ಮಹಾ ಅಂತ ಹೂಂಗುಟ್ಟಿದೆ.

ದೊಡ್ಡಬೆಳವಂಗಲದ ಮನೆಯಲ್ಲಿ ದೊಡ್ಡಮ್ಮ ಕಾಯುತ್ತಿದ್ದರು. ಬ್ಯಾಂಡೇಜಿನಿಂದ ಇಣುಕುತ್ತಿದ್ದ ಬೆರಳು ಮುಟ್ಟಿ ಗಾಬರಿಯಾದರು.

"ಅಯ್ಯೋ, ಲಕ್ವ ಹೊಡ್ದಂಗೈತಲ್ಲಪ್ಪ!"

ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ತಂದು, ಬಟ್ಟೆಯ ತುದಿ ಹಿಡಿದು ಬೆರಳಿಗೆ ಒತ್ತಿದರು.

"ಬಿಸಿ ತಾಕ್ತಾ ಮಗ?"

"ಇಲ್ಲ ದೊಡ್ಡಮ್ಮ."

"ತಾಳು, ಇನ್ನೊಂಚೂರು ಕಾಯಿಸ್ಕೊಂಡ್ ಬತ್ತೀನಿ."

ಮತ್ತೆ ತಂದರು. ಊಹೂಂ. ಮತ್ತೆ ಕಾಯಿಸಿದರು. ಶಾಖ ಕೊಡುವ ವಿದ್ಯೆಯೆಲ್ಲ ನಿಂತಿರುವುದು ನಾವು "ಅಯ್ಯಪ್ಪಾ, ಸಾಕು" ಅನ್ನುತ್ತೇವೆ ಎಂಬ ನಂಬಿಕೆಯ ಮೇಲೆ. ನಾನು ಅನ್ನಲೇ ಇಲ್ಲ. ಡಾಕ್ಟರ್ ಮಾತು ಮರೆತು, ಏನೂ ಗೊತ್ತಾಗದ ಬೆರಳನ್ನು ಬೆರಗಿನಿಂದ ನೋಡುತ್ತಾ ಕೂತಿದ್ದೆ.

ಅಷ್ಟರಲ್ಲಿ ಹೆಂಡತಿ ಬಂದು ಆ ಗಂಟು ಮುಟ್ಟಿದವಳೇ ಚೀರಿ ಬಿಸಾಕಿದಳು.

"ರೀ, ಕೆಂಡ ಕಣ್ರೀ ಇದು! ಬೆರಳು ನೋಡ್ಕೊಳ್ಳಿ!"

ಎರಡು ಬೆರಳಲ್ಲಿ ಬೊಬ್ಬೆ ಎದ್ದಿತ್ತು. ನನಗೆ ಒಂಚೂರೂ ನೋವಿಲ್ಲ. ಆಗ ನಿಜಕ್ಕೂ ಹೆದರಿದೆ. ಇನ್ನೆಷ್ಟು ಬೆಂದಿದೆಯೋ, ಈ ಕೈ ನನಗೆ ವಾಪಸ್ ಸಿಗುತ್ತದೋ ಇಲ್ಲವೋ!

ಡಾಕ್ಟರಿಗೆ ಫೋನ್ ಮಾಡಿದೆವು. "ತಣ್ಣೀರಿನ ಬಟ್ಟೆ ಇಡಿ, ಬೊಬ್ಬೆ ಒಡೀಬೇಡಿ, ನಾಳೆ ತೋರಿಸಿ. ಬೆಳಿಗ್ಗೆ ಹೊತ್ತಿಗೆ ಉರಿ ಶುರುವಾದ್ರೆ ಒಳ್ಳೇದು" ಅಂದರು. ಉರಿ ಬಂದರೆ ಒಳ್ಳೆಯದಂತೆ! ದೊಡ್ಡಮ್ಮ ಮುಖ ಸಣ್ಣದು ಮಾಡಿಕೊಂಡು ಮೂಲೆ ಹಿಡಿದರು. ಪಾಪ, ಅವರದೇನು ತಪ್ಪು? ಎಚ್ಚರಿಕೆ ಕೇಳಿಸಿಕೊಂಡು ಬಂದವನು ನಾನು.

ಬೆಳಿಗ್ಗೆ ಬೆರಳು ಧಗಧಗ ಉರಿಯತೊಡಗಿತು. ನಿಧಾನಕ್ಕೆ ಮಡಿಸಿದೆ, ಮಡಚಿಕೊಂಡಿತು!

"ದೊಡ್ಡಮ್ಮ, ಉರೀತೈತೆ!"

"ಉರೀತಾ? ಸದ್ಯ, ಬದುಕ್ಕೊಂಡ್ವಿ ಕಣಪ್ಪ" ಅಂತ ಅವರು ಕಣ್ಣೊರೆಸಿಕೊಂಡರು. ನೋವಿಗೆ ಇಷ್ಟೊಂದು ಸಂಭ್ರಮ ನಮ್ಮ ಮನೆಯಲ್ಲಿ ಯಾವತ್ತೂ ಆಗಿರಲಿಲ್ಲ.

ನೋವು ತೊಲಗಲಿ ಅಂತ ದಿನಾ ಬೈಯುತ್ತೇವಲ್ಲ, ಅದು ರಜೆ ಹಾಕಿದ ದಿನ ಮೈ ಕಾಯುವವರು ಯಾರು?