ಹನುಮಕ್ಕ ಹೇಳಿದ ಉತ್ತರ

ಹನುಮಕ್ಕ ಎಲ್ಲ ಪ್ರಶ್ನೆಗಳಿಗೂ ಉತ್ತರ ಹೇಳಿದ್ದಳು. ಹೇಳಲಿಲ್ಲ ಎಂದು ಬರೆದವನು ನಾನು. ಕರುಣಾ, ಹೆಂಡತಿಯಾದ ನಿನ್ನಿಂದಲೇ ಇದನ್ನು ಹನ್ನೊಂದು ವರ್ಷ ಮುಚ್ಚಿಟ್ಟೆ. ನೀನು ತೀರಿಕೊಂಡು ನಲವತ್ತು ದಿನವಾದ ಮೇಲೆ, ನಿನಗೆ ಕೇಳಿಸುವುದಿಲ್ಲ ಎಂಬ ಧೈರ್ಯ ಬಂದ ಮೇಲೆ ಬರೆಯುತ್ತಿದ್ದೇನೆ. ನನ್ನಂಥವನಿಗೆ ಇಂಥ ಧೈರ್ಯವೇ ತಕ್ಕದ್ದು.

ಹನುಮಕ್ಕನ ದೀಕ್ಷಾಸ್ನಾನದ ಪರೀಕ್ಷೆಯ ಹಿಂದಿನ ದಿನ ಶನಿವಾರ. ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ನೀವಿಬ್ಬರೂ ಒಲೆಯ ಮುಂದೆ ಕೂತಿದ್ದಿರಿ. ನೀನು ಹಿಟ್ಟು ನಾದುತ್ತಿದ್ದೆ, ಆಕೆ ರೊಟ್ಟಿ ಬಡಿಯುತ್ತಿದ್ದಳು. ಆ ಬಡಿತಕ್ಕೆ ಸರಿಯಾಗಿ ನೀನು ಆಕೆಗೆ ಕರ್ತನ ಪ್ರಾರ್ಥನೆಯನ್ನು ಒಂದೊಂದೇ ಮಾತಾಗಿ ಹೇಳಿಕೊಡುತ್ತಿದ್ದೆ.

"ಅಕ್ಕಾರ, ಪರಲೋಕದಾಗೂ ಜ್ವಾಳದ ರೊಟ್ಟಿ ಸಿಗ್ತಾವೇನ್ರಿ?"

"ನೀ ಮೊದ್ಲ ಹೋಗಿ ಬಡದಿಟ್ರ ಸಿಗ್ತಾವ."

"ಅಯ್ಯ, ಅಲ್ಲೂ ನಾನ ಬಡೀಬೇಕೇನ್ರಿ."

ಇಬ್ಬರೂ ನಕ್ಕಿರಿ. ನಾನು ಪಡಸಾಲೆಯಲ್ಲಿ ನಿಮಗೆ ಬೆನ್ನು ತಿರುಗಿಸಿ ಒಬ್ಬನೇ ಉಣ್ಣುತ್ತಿದ್ದೆ.

ಆ ವರ್ಷ ನಮ್ಮ ಸಭೆಯ ಪಾಲಕರಾದ ಅಯ್ಯನವರು ಒಂದು ನೇಮ ಮಾಡಿದ್ದರು. ಬಾಯಿಪಾಠದಿಂದ ಯಾರೂ ಯೇಸುವಿನ ಶಿಷ್ಯರಾಗುವುದಿಲ್ಲ. ದೀಕ್ಷಾಸ್ನಾನ ಬೇಡಿ ಬಂದವರನ್ನು ಒಂದೊಂದು ಮನೆಯವರು ಒಂದು ವರ್ಷ ಜೊತೆಗಿಟ್ಟುಕೊಳ್ಳಬೇಕು, ಕೂಡಿ ದುಡಿಯಬೇಕು, ಕೂಡಿ ಉಣ್ಣಬೇಕು. ಹಿರಿಯರಾದ ನಾವೆಲ್ಲ ಆಮೆನ್ ಎಂದೆವು. ಆಮೇಲೆ ಮಾಡಿದ್ದೇನು — ಬೇಡಿ ಬಂದವರಿದ್ದ ಕಾಲುವೆಯಾಚೆಯ ಕೇರಿಗೆ ಬುತ್ತಿ ಕಳಿಸಿದೆವು. ಅವರು ನಮ್ಮ ಹೊಸ್ತಿಲು ದಾಟದಿರಲಿ ಎಂದು ಊಟವೇ ಅವರ ಹೊಸ್ತಿಲಿಗೆ ಹೋಯಿತು. ಭಾನುವಾರ ಸಭೆಯಲ್ಲಿ ಎದ್ದು ನಿಂತು "ಕೂಡಿ ಉಂಡೆವು" ಎಂದು ಸಾಕ್ಷಿ ಹೇಳಿದೆವು. ಒಂದೇ ಹೊತ್ತಿಗೆ ಉಂಡಿದ್ದೆವಂತೆ, ಅದಕ್ಕೆ. ಮೈಮೇಲೆ ಇಸ್ತ್ರಿ ಕೋಟು, ಕಂಕುಳಲ್ಲಿ ಸತ್ಯವೇದ, ಮನೆಯೊಳಗೆ ಅಜ್ಜಂದಿರ ಜಾತಿ. ಶಾಲೆಯ ಮಾಸ್ತರನಾದ ನಾನು ಎಲ್ಲರಿಗಿಂತ ಸ್ಪಷ್ಟವಾಗಿ ಆಮೆನ್ ಹೇಳುತ್ತಿದ್ದೆ.

ನೀನೊಬ್ಬಳು ಬುತ್ತಿ ಕಟ್ಟಲಿಲ್ಲ. ನಮ್ಮ ಮನೆಯ ಪಾಲಿಗೆ ಬಂದ ಹನುಮಕ್ಕನನ್ನು ಒಳಗೆ ಕರೆದು ನೀನುಣ್ಣುವ ಗಂಗಾಳದಲ್ಲೇ ಉಣ್ಣಿಸಿದೆ. ಅಂದಿನಿಂದ ನಾನು ಪಡಸಾಲೆಗೆ ಬಂದೆ.

ಭಾನುವಾರ ಆರಾಧನೆ ಮುಗಿದ ಮೇಲೆ ಆಕೆಯ ಪರೀಕ್ಷೆ. ಅಯ್ಯನವರು ಕಂಪ್ಲಿಗೆ ಹೋಗಿದ್ದರಿಂದ ಪ್ರಶ್ನೆಗಳ ಹಾಳೆಯನ್ನು ನನಗೆ ಕೊಟ್ಟಿದ್ದರು. ಬಾಗಿಲಲ್ಲಿ ಇನ್ನೊಬ್ಬ ಹಿರಿಯ ನನ್ನನ್ನು ತಡೆದ. "ಏನ್ರಿ ಮಾಸ್ತರ, ನಿಮ್ಮನ್ಯಾಗ ಆಕೀನ ರೊಟ್ಟಿ ಬಡಿತಾಳಂತ. ಇನ್ನ ಸ್ನಾನ ಆದ ಮ್ಯಾಲ ಕರ್ತನ ಭೋಜನದಾಗ ಆಕಿ ಕುಡದ ಬಟ್ಟಲನ ನಮಗ ಕೊಡಸ್ತೀರೇನು?" ನಾನು ನಕ್ಕೆ. ಆ ನಗು ಈಗಲೂ ನನ್ನ ಬಾಯಲ್ಲಿ ಎಂಜಲಿನಂತೆ ಉಳಿದಿದೆ.

ನೀನು ಹೊರಗೆ ಬೇವಿನ ಮರದ ಕೆಳಗೆ, ಆಕೆಯ ದೀಕ್ಷಾಸ್ನಾನಕ್ಕೆಂದು ತಂದ ಬಿಳಿ ಸೀರೆ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಒಳಗೆ ಹನುಮಕ್ಕ ನೆಲದ ಮೇಲೆ ಕೂತು, ಕೇಳಿದ್ದಕ್ಕೆಲ್ಲ ಹೇಳಿದಳು. ಕೊನೆಯ ಪ್ರಶ್ನೆ — ಯೇಸುವನ್ನು ಹಿಂಬಾಲಿಸುವುದೆಂದರೆ ಏನು?

"ಅಕ್ಕಾರು ನನಗ ತಮ್ಮ ಗಂಗಾಳದಾಗ ಹಾಕಿದ್ರಲ್ರಿ, ಹಂಗ ನಾನು ಇನ್ನೊಬ್ಬರಿಗಿ ಹಾಕೋದು. ನನಗ ಅಷ್ಟ ತಿಳದೈತ್ರಿ." ತಲೆ ತಗ್ಗಿಸಿ ಅಂದಳು: "ನೀವೊಬ್ಬರ ಹೊರಗ ಉಣ್ತಿದ್ರಿ. ನನ್ನಿಂದ ಹಂಗಾತಲ್ಲ ಅಂತ ಭಾಳ ಕೆಟ್ಟ ಅನಸ್ತಿತ್ರಿ ಮಾಸ್ತರ."

ಅವಳು ದೂರಲಿಲ್ಲ — ಮರುಗಿದಳು. ನನ್ನ ಬಗ್ಗೆ. ದೂರಿದ್ದರೆ ತಾಳಿಕೊಳ್ಳುತ್ತಿದ್ದೆನೋ ಏನೋ. ಹಾಳೆಯ ಮೇಲೆ ಬರೆದೆ: ಉತ್ತರ ಬರಲಿಲ್ಲ, ಒಂದು ವರ್ಷ ಮುಂದಕ್ಕೆ.

"ಎಲ್ಲಿ ತಪ್ಪಿತ್ರಿ?" ಎಂದು ಕೇಳಿದಳು.

"ಅದೆಲ್ಲ ನಿನಗ ತಿಳಿಯಂಗಿಲ್ಲ, ಹೋಗು."

ಹೋದಳು. ಆ ಬೇಸಿಗೆಯಲ್ಲಿ ಗಂಡನ ಸಂಗಡ ಸಂಡೂರಿನ ಗುಡ್ಡಕ್ಕೆ ಮ್ಯಾಂಗನೀಸ್ ಅಗೆಯಲು ಹೋದವಳು ತಿರುಗಿ ಬರಲಿಲ್ಲ. ನೀನು ಮಾತ್ರ — "ನಾನ ಸರಿಯಾಗಿ ಕಲಿಸಲಿಲ್ಲ ಕಾಣ್ರಿ" ಎಂದೆ. ವರ್ಷವರ್ಷವೂ ಎಂದೆ. ಬೇರೆ ಯಾರನ್ನೂ ಮನೆಗೆ ಕರೆದು ಕಲಿಸುವ ಧೈರ್ಯ ನಿನಗೆ ಮತ್ತೆ ಬರಲಿಲ್ಲ. ಜ್ವರದಲ್ಲಿ ಮಲಗಿದ್ದಾಗಲೂ ಅದನ್ನೇ ಎಂದೆ. ನಾನು ನಿನ್ನ ಹಣೆಯ ಮೇಲಿನ ಬಟ್ಟೆ ಬದಲಿಸಿದೆ. ಒಂದು ಮಾತು ಸಾಕಿತ್ತು —

ಹೋದ ಭಾನುವಾರ ಸಭೆಯ ಮುಂದೆ ಎಲ್ಲವನ್ನೂ ಹೇಳಿದೆ, ಹಿರಿತನ ಬಿಟ್ಟೆ. ಯಾರ ಮುಖವೂ ಬಾಡಲಿಲ್ಲ. ಬಾಗಿಲಲ್ಲಿ ಅದೇ ಹಿರಿಯ ನನ್ನ ಭುಜ ತಟ್ಟಿದ. "ಆಗಿದ್ದು ಆಗಿ ಹೋತು ಬಿಡ್ರಿ ಮಾಸ್ತರ. ಇಷ್ಟ ಸಣ್ಣದಕ್ಕ ಯಾರರ ಹಿರಿತನ ಬಿಡ್ತಾರೇನು?" ಅವನನ್ನು ನೋಡಿ ನನಗೆ ಹೇಸಿಕೆಯಾಯಿತು. ಹನ್ನೊಂದು ವರ್ಷ ನಾನೂ ಅದನ್ನು ಸಣ್ಣದೆಂದೇ ಇಟ್ಟುಕೊಂಡಿದ್ದೆನಲ್ಲ.

ಸೋಮವಾರ ನಿನ್ನ ಪೆಟ್ಟಿಗೆಯ ತಳದಲ್ಲಿದ್ದ ಬಿಳಿ ಸೀರೆ ತೆಗೆದುಕೊಂಡು ಸಂಡೂರಿಗೆ ಹೋದೆ. ಗುಡ್ಡದ ಕೂಲಿಗಳ ಗುಡಿಸಲುಗಳಲ್ಲಿ ಎರಡು ದಿನ ಹನುಮಕ್ಕನ ಬಗ್ಗೆ ಕೇಳಿದೆ. ಒಬ್ಬ ಮುದುಕಿ, ತನ್ನ ಗಂಗಾಳದಲ್ಲಿ ನನಗೂ ರೊಟ್ಟಿ ಹಾಕಿ, ಅಂಥಾಕಿ ಒಬ್ಬಾಕಿ ಇದ್ದಳು, ಎಲ್ಲಿಗೆ ಹೋದಳೋ ಗೊತ್ತಿಲ್ಲ ಎಂದಳು. ಉಂಡು ಬಂದೆ.

ಸೀರೆ ಮತ್ತೆ ಪೆಟ್ಟಿಗೆಯಲ್ಲಿದೆ. ನಮ್ಮ ಸಭೆಯ ದೀಕ್ಷಾಸ್ನಾನದ ಪುಸ್ತಕದಲ್ಲಿ ಹನುಮಕ್ಕನ ಹೆಸರಿಲ್ಲ.