ಆಯುಧಪೂಜೆಯ ದಿನ ಕೆಂಪಾದ ಕ್ಯಾಮೆರಾ

ನಮ್ಮ ಮನೆಯಲ್ಲಿ ನನ್ನನ್ನು ನಂಬದ ವಸ್ತುಗಳು ಬಹಳ ಇವೆ. ಫೋನು ನನ್ನ ಮುಖ ನೋಡಿ, ಇವಳು ಅವಳಲ್ಲ ಎನ್ನುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಂಡ ಭಾನುವಾರವಂತೂ ಅದು ನನ್ನನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಬ್ಯಾಂಕಿನ ಆ್ಯಪಿಗೆ ಪಾಸ್‌ವರ್ಡಿನಲ್ಲಿ ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ವಿಚಿತ್ರ ಚಿಹ್ನೆ ಇರಲೇಬೇಕು. ಅಷ್ಟನ್ನೂ ಸೇರಿಸಿ ಕಟ್ಟಿದ್ದನ್ನು ನಾನು ಮರೆತರೆ, ನೀವು ಮನುಷ್ಯರೇ ಎಂದು ತೋರಿಸಲು ಟ್ರಾಫಿಕ್ ದೀಪ ಇರುವ ಚಿತ್ರಗಳನ್ನು ಆರಿಸಿ ಎನ್ನುತ್ತದೆ. ಗೌರಿಬಿದನೂರಿನಲ್ಲಿ ಇಷ್ಟು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಮೇಷ್ಟ್ರಮ್ಮ ನಾನು. ಮನುಷ್ಯಳು ಹೌದೋ ಅಲ್ಲವೋ ಎಂದು ನನ್ನನ್ನು ಇದುವರೆಗೆ ಯಾವ ಇನ್‌ಸ್ಪೆಕ್ಟರೂ ಕೇಳಿರಲಿಲ್ಲ.

ನಮ್ಮ ಯಜಮಾನರದು ಇನ್ನೊಂದು ಬಗೆ. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಅವರಿಗೆ ಕೆಲಸ. ಬೆಳಗ್ಗೆ ಕಾಫಿ ಕುಡಿಯುತ್ತಾ ಪೇಪರಿನಲ್ಲಿ ಬಂದ ಮೋಸದ ಸುದ್ದಿಗಳನ್ನಷ್ಟೇ ಗಟ್ಟಿಯಾಗಿ ಓದುತ್ತಾರೆ. ಲಿಂಕ್ ಒತ್ತಿದವರು, ಪಾರ್ಸೆಲ್ ಅಂತ ನಂಬಿದವರು, ಪೊಲೀಸ್ ವೇಷದವನಿಗೆ ವಿಡಿಯೋದಲ್ಲಿ ಕೈಮುಗಿದು ಕೂತವರು, ಎಲ್ಲರ ಕಥೆಯೂ ನಮ್ಮ ಉಪ್ಪಿಟ್ಟಿನ ಜೊತೆ ಬರುತ್ತದೆ. ಲ್ಯಾಪ್‌ಟಾಪಿನ ಕ್ಯಾಮೆರಾದಿಂದ ಯಾರೋ ಇಣುಕಿ ನೋಡಬಹುದು ಎಂದು ಎಲ್ಲೋ ಓದಿದ ದಿನ, ನನ್ನ ಸ್ಟಿಕ್ಕರ್ ಬಿಂದಿ ತೆಗೆದು ಅದರ ಕಣ್ಣಿಗೆ ಅಂಟಿಸಿಬಿಟ್ಟರು. ಅಂದಿನಿಂದ ನಮ್ಮ ಲ್ಯಾಪ್‌ಟಾಪು ಮುತ್ತೈದೆ.

ಹೀಗೆ ಎಲ್ಲದಕ್ಕೂ ಮೂತಿ ತಿರುವುವ ನಾನೇ ಹೋದ ವರ್ಷ ಅಕ್ಕನ ಮನೆಗೆ ಕ್ಯಾಮೆರಾ ಹಾಕಿಸಿದೆ. ಅಕ್ಕ ಚಿಂತಾಮಣಿಯ ಆಚೆ ಕೆಂಚಾರ್ಲಹಳ್ಳಿ ಕಡೆ ರೇಷ್ಮೆ ಹುಳು ಸಾಕುತ್ತಾಳೆ. ಭಾವ ಹೊಲ, ಟ್ರ್ಯಾಕ್ಟರು, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನೋಡಿಕೊಂಡರೆ, ಹುಳುಮನೆ ಪೂರ್ತಿ ಅವಳ ಆಡಳಿತ. ಅವಳಿಗೆ ಸಕ್ಕರೆ ಕಾಯಿಲೆ. ಹುಳುಗಳಿಗೆ ಹೊತ್ತು ಹೊತ್ತಿಗೆ ಸೊಪ್ಪು ಬೀಳುತ್ತದೆ, ಅವಳ ಹೊಟ್ಟೆಗೆ ಮಾತ್ರ ನೆನಪಾದಾಗ. ಒಂದು ದಿನ ಸೊಪ್ಪು ಹಾಕುತ್ತಿದ್ದ ಹಾಗೇ ತಲೆ ಸುತ್ತಿ ಬಿದ್ದು, ಕಬ್ಬಿಣದ ಕಂಬಿ ತಗುಲಿ ಹಣೆ ಒಡೆದುಕೊಂಡಿದ್ದಳು. ಭಾವ ಮಾರುಕಟ್ಟೆಯಿಂದ ಬಂದು ನೋಡುವವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. ಅದನ್ನು ಕೇಳಿದ ಮೇಲೆ ನನಗೆ ಅನ್ನ ಸೇರಲಿಲ್ಲ. ನಮ್ಮಮ್ಮ ಹೋದ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿ, ಬೈದು, ಬಸ್ಸು ಹತ್ತಿಸಿ ಕಾಲೇಜಿಗೆ ಕಳಿಸಿದವಳು ಅವಳು.

ಕ್ಯಾಮೆರಾ ಎಂದಾಗ ಅಕ್ಕ ಒಪ್ಪಲೇ ಇಲ್ಲ. ಹುಳುವಿನ ಮೇಲೆ ಹೊರಗಿನವರ ಕಣ್ಣು ಬೀಳಬಾರದು ಎಂಬುದು ಆ ಕಡೆಯ ಕಟ್ಟುನಿಟ್ಟು. ಕಾಲು ತೊಳೆಯದೆ ಹೊಸಿಲು ದಾಟುವಂತಿಲ್ಲ, ಕಂಡವರನ್ನೆಲ್ಲ ಒಳಗೆ ಬಿಡುವಂತಿಲ್ಲ. "ಗೌರಿಬಿದನೂರಲ್ಲಿ ಕೂತ್ಕೊಂಡು ಕಾಲೂ ತೊಳೀದೆ ನನ್ನ ಹುಳ ನೋಡ್ತೀಯೇನೇ?" ಎಂದು ಕೇಳಿದಳು. ಕೊನೆಗೆ ರಾಜಿಯಾಯಿತು. ಕ್ಯಾಮೆರಾ ಹುಳುಮನೆಯ ಬಾಗಿಲ ಮೇಲೆ, ಹೊರಗಡೆ. ಅವಳು ಹೋಗುವುದು, ಬರುವುದು, ಜಗಲಿಯಲ್ಲಿ ಸೊಪ್ಪು ರಾಶಿ ಹಾಕುವುದು ನನಗೆ ಕಾಣುತ್ತದೆ. ಹುಳು ಕಾಣುವುದಿಲ್ಲ.

ಆ ಕ್ಯಾಮೆರಾದ ಬುದ್ಧಿವಂತಿಕೆ ಏನು ಹೇಳಲಿ! ಅಂಗಳದಲ್ಲಿ ಕೋಳಿ ಓಡಾಡಿದರೆ "ಮನುಷ್ಯರು ಕಂಡಿದ್ದಾರೆ" ಎಂದು ನನ್ನ ಫೋನಿಗೆ ಸುದ್ದಿ. ಅಕ್ಕ ಜಗಲಿಯಲ್ಲಿ ಕೂತು ಹಣ್ಣೆಲೆ ಆರಿಸುತ್ತಿದ್ದರೆ, ಅಲ್ಲಿ ಏನೂ ಇಲ್ಲ. ಅದರಲ್ಲಿ ಮಾತಾಡುವ ಸವಲತ್ತೂ ಇತ್ತು. ಒಮ್ಮೆ ಸ್ಟಾಫ್ ರೂಮಿನಿಂದ, "ಅಕ್ಕಾ, ತಿಂಡಿ ತಿಂದ್ಯಾ?" ಎಂದೆ. ಸೊಪ್ಪು ಹಾಕಲು ಬಂದಿದ್ದ ಹೆಂಗಸರಿಬ್ಬರು ಪುಟ್ಟಿ ಎಸೆದು ಓಡಿದರು. ಅಕ್ಕ ತಲೆಯೆತ್ತಿ ಕ್ಯಾಮೆರಾವನ್ನೇ ದುರುಗುಟ್ಟಿ ನೋಡಿದಳು.

"ಗೋಡೆಯೊಳಗಿಂದ ಮಾತಾಡ್ಬೇಡ ಕಣೇ. ಮಾತಾಡೋದಿದ್ರೆ ಬಸ್ ಹತ್ಕೊಂಡು ಬಾ."

ಬಸ್ಸು ಹತ್ತುವುದಕ್ಕೆ ನನಗೆಲ್ಲಿ ಬಿಡುವು? ಪರೀಕ್ಷೆ, ಮೌಲ್ಯಮಾಪನ, ತರಬೇತಿ. ದಿನಕ್ಕೆ ಹತ್ತಾರು ಸಲ ಫೋನಿನಲ್ಲಿ ಅವಳ ಬೆನ್ನು ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆಯುಧಪೂಜೆಯ ದಿನ ಯಜಮಾನರ ಕಾರ್ಖಾನೆಗೆ ಮನೆಯವರನ್ನೂ ಕರೆಯುತ್ತಾರೆ. ಯಂತ್ರಗಳಿಗೆಲ್ಲ ಚೆಂಡುಹೂವಿನ ಹಾರ, ಬಾಳೆಕಂದು, ಎಲ್ಲರ ಕೈಗೂ ಕಡಲೆಪುರಿ ಮತ್ತು ಸಿಹಿಯ ಪೊಟ್ಟಣ. ಯಜಮಾನರು ನಮ್ಮ ಕಾರಿಗೂ ಅಲ್ಲೇ ಪೂಜೆ ಮಾಡಿಸಿದರು. ಅರಿಸಿನ ಕುಂಕುಮ ಹಿಡಿದು ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ, ಸಿಕ್ಕಿದ ಕಡೆಯೆಲ್ಲ ಇಟ್ಟರು. ನಾನು ಪುರಿ ಮೆಲ್ಲುತ್ತಾ ಅಭ್ಯಾಸಬಲದಿಂದ ಫೋನು ತೆರೆದೆ.

ಪರದೆಯ ತುಂಬ ಕೆಂಪು. ಜಗಲಿ ಇಲ್ಲ, ಬಾಗಿಲಿಲ್ಲ, ಅಕ್ಕ ಇಲ್ಲ. ದಪ್ಪಗೆ, ಅಲ್ಲಲ್ಲಿ ಕಪ್ಪಿಟ್ಟ ಕೆಂಪು. ಏನೆಂದು ಯೋಚಿಸುವಷ್ಟರಲ್ಲಿ ಆ ಕೆಂಪಿನ ಹಿಂದಿನಿಂದ ಏನೋ ದಪ್ಪೆಂದು ಬಿದ್ದ ಸದ್ದು. ಆಮೇಲೆ ಮೌನ. ಸ್ವಲ್ಪ ಹೊತ್ತಿಗೆ ಪರದೆಯೇ ಕಪ್ಪಾಗಿ, ಕ್ಯಾಮೆರಾ ಸಂಪರ್ಕದಲ್ಲಿಲ್ಲ ಎಂದು ಬಂತು.

ಹಣೆ ಒಡೆದು ರಕ್ತ ಸುರಿಸಿಕೊಂಡು ಅವಳು ಬಿದ್ದಿದ್ದ ಆ ದಿನವೇ ಕಣ್ಣಮುಂದೆ ಬಂತು. ಸ್ವಲ್ಪ ಹಿಂದೆ ಅಲ್ಲಿ ಏನು ನಡೆಯಿತು ನೋಡೋಣವೆಂದು ಆ್ಯಪಿನಲ್ಲಿ ಒತ್ತಿದರೆ, ಹಳೆಯದನ್ನು ನೋಡಲು ಚಂದಾದಾರರಾಗಿ ಎಂದು ನಗುಮುಖದ ಹುಡುಗಿಯ ಚಿತ್ರ ಬಂತು. ಅಕ್ಕನ ನಂಬರು ಒತ್ತಿದೆ. ಅಪರಿಚಿತರ ಕರೆ ನಂಬಬೇಡಿ, ಒಟಿಪಿ ಹೇಳಬೇಡಿ ಎಂದು ಒಂದು ಹೆಂಗಸು ನಿಧಾನವಾಗಿ ಉಪದೇಶ ಶುರು ಮಾಡಿದಳು. ಅವಳು ಮುಗಿಸಿದ ಮೇಲೆ ಇನ್ನೊಬ್ಬಳು ಬಂದು, ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಎಂದಳು. ಭಾವನ ನಂಬರಿಗೂ ಅದೇ ಉಪದೇಶ, ಅದೇ ಸ್ವಿಚ್ ಆಫ್. ಅವರ ಪಕ್ಕದ ಮನೆಯವರ ಫೋನು ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಜೀವ ಹೋಗುವ ಹೊತ್ತಿನಲ್ಲಿ ಒಟಿಪಿ ಪಾಠ ಹೇಳುವ ಆ ಹೆಂಗಸು ಎದುರಿಗಿದ್ದಿದ್ದರೆ ನಾನು ಅವತ್ತು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

"ರೀ, ಹೊರಡಿ ಈಗಲೇ," ಎಂದೆ. ನನ್ನ ಮುಖ ನೋಡಿ ಅವರು ಕಾರಿನ ಕೀಲಿ ತೆಗೆದರು. ಫೋನಿನಲ್ಲಿ ಕಂಡದ್ದು, ಕೇಳಿದ್ದು ಎಲ್ಲವನ್ನೂ ಕಾರು ಹತ್ತಿದ ಮೇಲೆ ಹೇಳಿದೆ.

ಪೂಜೆಗೆಂದು ಕಾರಿನ ಮುಂದೆಯೂ ಎರಡು ಬಾಳೆಕಂದು ಕಟ್ಟಿದ್ದರು, ಅವನ್ನು ಬಿಚ್ಚುವ ವ್ಯವಧಾನ ಇಬ್ಬರಿಗೂ ಇರಲಿಲ್ಲ. ಮುಂದೇನಾದರೂ ಅಡ್ಡ ಬಂದರೆ ಎಚ್ಚರಿಸಲು ಆ ಕಾರಿನಲ್ಲಿ ಒಂದು ಏರ್ಪಾಡಿದೆ. ಅದಕ್ಕೆ ಬಾಳೆಯೆಲೆಯೇ ಅಡ್ಡವಾಗಿ ಕಂಡು, ವೇಗ ತಗ್ಗಿಸಿದಾಗಲೆಲ್ಲ ಕುಂಯ್ ಕುಂಯ್ ಎಂದು ಶುರು ಮಾಡುತ್ತಿತ್ತು. ಮಂಚೇನಹಳ್ಳಿಯಲ್ಲಿ ಕುಂಯ್, ಚಿಕ್ಕಬಳ್ಳಾಪುರದ ಪೇಟೆಯ ಉದ್ದಕ್ಕೂ ಕುಂಯ್. ನಾನು ದೇವರಿಗೆ ಹರಕೆ ಹೊರುತ್ತಿದ್ದರೆ ಅದು ಮಧ್ಯೆ ಬಾಯಿ ಹಾಕುತ್ತಿತ್ತು. ನಡುನಡುವೆ ಅಕ್ಕನ ನಂಬರು ಒತ್ತುವುದು, ಉಪದೇಶ ಕೇಳುವುದು.

ಶಿಡ್ಲಘಟ್ಟದಲ್ಲಿ ಟ್ರ್ಯಾಕ್ಟರುಗಳ ಮೆರವಣಿಗೆಯೊಂದು ರಸ್ತೆ ತುಂಬಿ ಬರುತ್ತಿತ್ತು. ಬೇರೆ ದಾರಿ ಹಿಡಿಯಲು ಯಜಮಾನರು ಕಾರನ್ನು ಹಿಂದಕ್ಕೆ ತೆಗೆದರು. ಆಗ ಕಾರಿನೊಳಗಿನ ಪುಟ್ಟ ಪರದೆಯಲ್ಲಿ ಹಿಂದಿನ ರಸ್ತೆ ಕಾಣಬೇಕು. ಕಾಣಲಿಲ್ಲ. ಪರದೆಯ ತುಂಬ ಕೆಂಪು. ದಪ್ಪಗೆ, ಅಲ್ಲಲ್ಲಿ ಕಪ್ಪಿಟ್ಟ ಕೆಂಪು.

ಇಬ್ಬರೂ ಅದನ್ನೇ ನೋಡಿದೆವು. ಹಿಂದಿನಿಂದ ಯಾರೋ ಹಾರನ್ ಹೊಡೆಯುತ್ತಲೇ ಇದ್ದರು.

"ಬೆಳಗ್ಗೆ ಹಿಂದಿನ ಕ್ಯಾಮೆರಾಗೂ ಕುಂಕುಮ ಇಟ್ಟಿದ್ದೆ ಕಣೇ," ಎಂದರು ಯಜಮಾನರು ಮೆಲ್ಲಗೆ. "ನೀನು ನೋಡಿದ್ದೂ ಹಿಂಗೇ ಇತ್ತಾ?"

"ಹಿಂಗೇ ಇತ್ತು. ಆದ್ರೆ ದಪ್ಪಂತ ಬಿದ್ದ ಸದ್ದು? ಅದೇನು? ಸುಮ್ನೆ ಓಡ್ಸಿ ನೀವು," ಎಂದೆ. ಹಾಗಂದರೂ ಗಂಟಲಿಗೆ ಬಂದಿದ್ದ ಜೀವ ಒಂದು ಗೇಣು ಕೆಳಗಿಳಿಯಿತು. ನಾನು ಅದನ್ನು ಒಪ್ಪಿಕೊಳ್ಳಲು ಸಿದ್ಧಳಿರಲಿಲ್ಲ. ಸಮಾಧಾನ ಪಟ್ಟುಕೊಂಡ ತಕ್ಷಣವೇ ಕೆಟ್ಟದ್ದು ನಡೆಯುತ್ತದೆ ಎಂಬ ಭಯ ನನಗೆ ಚಿಕ್ಕಂದಿನಿಂದ ಇದೆ.

ಚಿಂತಾಮಣಿ ಸೇರುವಾಗ ಅಂಗಡಿ ಅಂಗಡಿಯ ಮುಂದೆಯೂ ಬೂದುಗುಂಬಳ ಒಡೆದು ಬಿದ್ದಿತ್ತು. ಒಂದು ಗ್ಯಾರೇಜಿನ ಮುಂದೆ ನಮ್ಮ ಕಾರು ನಿಂತು ನಿಂತು ಸಾಗುತ್ತಿದ್ದಾಗ ಒಬ್ಬಾತ ಕುಂಕುಮ ತುಂಬಿದ ದೊಡ್ಡ ಕಾಯನ್ನು ತಲೆಯ ಮೇಲಕ್ಕೆತ್ತಿ, ಮೂರು ಸಲ ನೀವಾಳಿಸಿ, ನೆಲಕ್ಕೆ ಬಡಿದ. ದಪ್. ಅದೇ ಸದ್ದು. ನಾನು ಕಿಟಕಿಯ ಗಾಜು ಇಳಿಸಿ ಆ ಅಪರಿಚಿತನನ್ನು ನೋಡಿ ನಕ್ಕೆ. ಅವನು ತಬ್ಬಿಬ್ಬಾಗಿ ಕೈಮುಗಿದ.

"ಇನ್ನಾದ್ರೂ ಸ್ವಲ್ಪ ಪುರಿ ಕೊಡು, ಹಸಿವು," ಎಂದರು ಯಜಮಾನರು. ಪೊಟ್ಟಣ ನನ್ನ ಮುಷ್ಟಿಯಲ್ಲೇ ಇತ್ತು. ಇಡೀ ದಾರಿ ಅದನ್ನು ಹಿಂಡಿ ಹಿಂಡಿ ಪುಡಿ ಮಾಡಿದ್ದೆ.

ಅಕ್ಕನ ಮನೆಯ ಮುಂದೆ ಕಾರು ನಿಂತಾಗ ಮೊದಲು ಕಂಡದ್ದು ಅಂಗಳದಲ್ಲಿ ಒಡೆದ ಬೂದುಗುಂಬಳ. ಆಮೇಲೆ ಹಾರ ಹಾಕಿಸಿಕೊಂಡ ಟ್ರ್ಯಾಕ್ಟರು. ಆಮೇಲೆ ಸೊಪ್ಪು ಬಾಡದಂತೆ ಹೊದಿಸುವ ಒದ್ದೆ ಗೋಣಿಚೀಲ ಹೊತ್ತುಕೊಂಡು ಜಗಲಿಗೆ ಬರುತ್ತಿದ್ದ ಅಕ್ಕ. ಎರಡು ಕಾಲಿನ ಮೇಲೆ, ಗಟ್ಟಿಮುಟ್ಟಾಗಿ, ಹಬ್ಬದ ಸೀರೆ ಉಟ್ಟುಕೊಂಡು. ನಾನು ಕಾರಿನ ಬಾಗಿಲು ಹಿಡಿದು ನಿಂತೆ. ಅಷ್ಟು ದೊಡ್ಡ ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಯಜಮಾನರು ಪಕ್ಕದಲ್ಲೇ ಇದ್ದರೂ ಈ ಮಾತು ಹೇಳಬಲ್ಲೆ.

"ಏಮೈಂದಮ್ಮಾ? ಏನಾಯ್ತು?" ಎಂದು ಭಾವ ಓಡಿ ಬಂದರು. ಗಾಬರಿಯಾದರೆ ಅವರಿಗೆ ತೆಲುಗೇ ಮೊದಲು ಬರುವುದು.

ಸಂತೋಷ ನನ್ನಲ್ಲಿ ಯಾವಾಗಲೂ ಸಿಟ್ಟಾಗಿಯೇ ಹೊರಗೆ ಬರುತ್ತದೆ. "ಫೋನ್ ಯಾಕೆ ಆಫ್ ಮಾಡಿದ್ರಿ? ಇಬ್ರೂ? ಕ್ಯಾಮೆರಾ ಯಾಕೆ ಸತ್ತಿದೆ?" ಎಂದು ಅಂಗಳದಲ್ಲೇ ಕೂಗಾಡಿದೆ.

ಅಕ್ಕ ನನ್ನ ಕೈ ಹಿಡಿದು ನಡುಮನೆಗೆ ಕರೆದುಕೊಂಡು ಹೋದಳು. ದೇವರ ಮುಂದೆ ಮಣೆಯ ಮೇಲೆ ಸೊಪ್ಪು ಕೊಯ್ಯುವ ಕುಡುಗೋಲುಗಳು, ಮಚ್ಚು, ಔಷಧಿ ಹೊಡೆಯುವ ಡಬ್ಬಿ, ಟಾರ್ಚು, ಅವಳ ಸಕ್ಕರೆ ನೋಡುವ ಮಿಷನ್ನು ಸಾಲಾಗಿ ಇದ್ದವು. ಎಲ್ಲದಕ್ಕೂ ಅರಿಸಿನ ಕುಂಕುಮ, ತಲೆಯ ಮೇಲೊಂದೊಂದು ಹೂವು. ಕೊನೆಯಲ್ಲಿ ಎರಡು ಫೋನುಗಳು ಜೋಡಿಯಾಗಿ ಮಲಗಿದ್ದವು.

"ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಬಾರ್ದು ಕಣೇ. ಕುಡುಗೋಲಿಗೆ ರಜಾ ಕೊಟ್ಟು ಅದಕ್ಕೊಂದು ಕೊಡದಿದ್ರೆ ಆಯ್ತದಾ? ಸೊಪ್ಪು ಬೆಳಗ್ಗೇನೇ ಕೊಯ್ದಿಟ್ಟಿದ್ದೀನಿ."

"ಮೋಟರ್ ಬೋರ್ಡಿಗೂ ಕುಂಕುಮ ಇಡ್ಬೇಕಿತ್ತಲ್ಲಮ್ಮಾ, ಶಾಕ್ ಹೊಡೀತದೆ ಅಂತ ಮೈನ್ ಆಫ್ ಮಾಡ್ದೆ, ಹಾಕೋದು ಮರ್ತೋಯ್ತು," ಎಂದರು ಭಾವ.

"ಕ್ಯಾಮೆರಾಗೆ ಹೆಂಗೆ ಇಟ್ಟೆ? ಅಷ್ಟೆತ್ತರ?" ಎಂದು ಕೇಳಿದೆ.

"ಸ್ಟೂಲ್ ಹತ್ತಿ."

"ತಲೆ ಸುತ್ತೋಳು ಸ್ಟೂಲ್ ಹತ್ತಿದ್ಯಾ!"

"ನಾನು ಹಿಡ್ಕೊಂಡಿದ್ನಮ್ಮಾ," ಎಂದರು ಭಾವ, ತಪ್ಪು ಮಾಡಿದ ಹುಡುಗನ ಹಾಗೆ.

ಕಣ್ಣಿಗೇ ಕುಂಕುಮ ಮೆತ್ತಿದರೆ ಅದಕ್ಕೆ ಏನು ಕಾಣುತ್ತದೆ, ಮೇಲುಗಡೆ ಇಡಬಾರದಿತ್ತಾ, ಎಂದು ನಾನು ಇನ್ನೂ ಬೈಯುತ್ತಲೇ ಇದ್ದೆ. ಅಕ್ಕ ಮಣೆಯ ಪಕ್ಕದ ಬಟ್ಟಲಿಗೆ ಬೆರಳು ಅದ್ದಿದಳು.

"ದಿನಾ ಅದ್ರೊಳಗಿಂದ ನೋಡೋಳು ನೀನೇ ಅಲ್ವಾ? ಹಬ್ಬಕ್ಕೆ ಬರಲ್ಲ ಅಂತ ಗೊತ್ತಿತ್ತು. ನಿನ್ಗೇ ಇಟ್ಟಂಗಾಯ್ತದೆ ಅಂತ, ಎಲ್ಲಕ್ಕಿಂತ ಮೊದ್ಲು ಅದಕ್ಕೇ ಇಟ್ಟೆ."

ಹಾಗಂದು ನನ್ನ ಹಣೆಗೆ ಕುಂಕುಮ ಇಟ್ಟಳು. ನಾನು ಬೈಯುವುದನ್ನು ನಿಲ್ಲಿಸಬೇಕಾಯಿತು, ಬಾಯಿ ಅಳುವುದಕ್ಕೆ ಬೇಕಾಗಿತ್ತು. ಅವಳ ಹಣೆಯ ಹಳೆಯ ಗಾಯದ ಗುರುತು ನನಗೆ ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಫೋನಿನಲ್ಲಿ ಬರೀ ಬೆನ್ನು ಕಾಣುತ್ತಿತ್ತಲ್ಲ.

ಊಟ ಆಯಿತು. ಭಾವ ಮೈನ್ ಹಾಕಿದರು. ಯಜಮಾನರು ಸ್ಟೂಲು ಹತ್ತಿ, ಒದ್ದೆ ಬಟ್ಟೆಯಿಂದ ಕ್ಯಾಮೆರಾದ ಕಣ್ಣು ಒರೆಸಿದರು. ಅವರು ಇಳಿದು ಆಚೆ ಸರಿದ ಮೇಲೆ ನನ್ನ ಫೋನು ಕುಂಯ್ ಎಂದಿತು. "ಮನುಷ್ಯರು ಕಂಡಿದ್ದಾರೆ." ತೆರೆದು ನೋಡಿದರೆ, ಅಂಚಿನಲ್ಲಿ ಇನ್ನೂ ಸ್ವಲ್ಪ ಕೆಂಪು ಉಳಿದಿದ್ದ ಜಗಲಿ. ಅದರಲ್ಲಿ ಸೊಪ್ಪಿನ ರಾಶಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತ ಅಕ್ಕ, ಅವಳ ಪಕ್ಕದಲ್ಲಿ ಫೋನಿಗೆ ತಲೆ ಬಗ್ಗಿಸಿಕೊಂಡು ನಿಂತ ಇನ್ನೊಬ್ಬಳು. ಅದು ನಾನೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

ಅಕ್ಕ ನನ್ನ ಕೈಯಿಂದ ಫೋನು ಕಿತ್ತು ಜಗಲಿಯ ಕಟ್ಟೆಯ ಮೇಲೆ ಮಗುಚಿಟ್ಟಳು.

"ನೋಡಿದ್ದು ಸಾಕು. ಕಾಲು ತೊಳ್ಕೊಂಡು ಬಾ, ಸೊಪ್ಪು ಹಾಕಣ."